ಜಾಲರಿಯ ಹಿಂದಿನ ಬಿಳಿ ಬಟ್ಟೆ

ಇವತ್ತು ನವನಗರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನನ್ನ ಕಾರಿನ ಏರ್ ಫಿಲ್ಟರ್ ಬಿಚ್ಚಿದಾಗ ಅಪ್ಪನ ಜೀಪಿನ ಧೂಳುವಾಸನೆ ಮೂಗಿಗೆ ಬಡಿಯಿತು.

ಅಪ್ಪ ಇಳಕಲ್ಲಿನ ಕಲ್ಲುಗಣಿಗೆ ಜೀಪು ಓಡಿಸುತ್ತಿದ್ದ. ಅದರ ಫಿಲ್ಟರಿನ ತಳದಲ್ಲಿ ಎಣ್ಣೆಯಿತ್ತು. ಗಣಿಯ ಕೆಂಪು ಧೂಳೆಲ್ಲ ಅದಕ್ಕೇ ಅಂಟುತ್ತಿತ್ತು. ಎಂಜಿನ್ನಿಗೆ ಗಾಳಿ ಹೆಚ್ಚು ಸಿಗಲೆಂದು ಒಮ್ಮೆ ಆ ಫಿಲ್ಟರನ್ನೇ ಕಿತ್ತು ಬರೀ ತಂತಿ ಜಾಲರಿ ಹಾಕಿಸಿಕೊಂಡು ಬಂದ.

"ಈಗ ನೋಡು, ದಿಬ್ಬ ಹೆಂಗ ಏರತೈತಿ!"

ಅವ್ವ ಮುಂಜಾನೆ ಜೀಪಿನ ಬಾನೆಟ್ ತೆರೆಸಿದಳು. ಜಾಲರಿಗೂ ಎಂಜಿನ್ನಿಗೂ ನಡುವೆ ಬಿಳಿ ಬಟ್ಟೆ ಕಟ್ಟಿಸಿ ಕಳಿಸಿದಳು. ಸಂಜೆ ಕೆಂಪಾಗಿದ್ದ ಆ ಬಟ್ಟೆಯನ್ನು ಅಪ್ಪನ ಊಟದ ತಾಟಿನ ಪಕ್ಕ ಇಟ್ಟಳು.

"ಎಂಜಿನ್ನಿಗೆ ನೀವು ಹಾಕಿದ ಊಟ ಇದ ನೋಡ್ರಿ. ಮೊದಲ ನೀವು ಉಣ್ಣರಿ."

ಮರುದಿನವೇ ಹಳೆಯ ಫಿಲ್ಟರ್ ಜೀಪಿಗೆ ಮರಳಿತು.

"ಮೇಡಂ, ಬರೀ ಜಾಲರಿ ಇರೋ ಓಪನ್ ಫಿಲ್ಟರ್ ಹಾಕಸ್ರಿ, ಗಾಡಿ ಹಾರತೈತಿ," ಅಂದ ನನ್ನ ಕಾರಿನ ಫಿಲ್ಟರ್ ಹಿಡಿದು ನಿಂತಿದ್ದ ಮೆಕ್ಯಾನಿಕ್.

ನನ್ನ ಬಿಳಿ ಕರವಸ್ತ್ರ ಅವನ ಕೈಗಿತ್ತೆ.

"ಹಾಕ್ರಿ. ಹಿಂದ ಇದನ್ನ ಕಟ್ಟರಿ. ಇಳಕಲ್ಲಿಗೆ ಹೋಗಿ ಬಂದ ಮ್ಯಾಲೆ ಮಾತಾಡೋಣು."