ಭೀಮಾ ದಂಡೆಯ ಈಜುಗಾರ

ನದಿ ದಂಡೆಯ ಊರಲ್ಲಿ ಹುಟ್ಟಿದವರಿಗೆಲ್ಲ ಈಜು ಬರುತ್ತದೆ ಎಂದು ನಂಬಿದ ಜನ ನಮ್ಮ ಕಡೆ ಬಹಳ. ಹಾಗೆ ನೋಡಿದರೆ ಬಜಾರದಲ್ಲಿ ಹುಟ್ಟಿದವರೆಲ್ಲ ಸಾವುಕಾರರಾಗಬೇಕಿತ್ತು, ಮಠದ ಪಕ್ಕ ಹುಟ್ಟಿದವರೆಲ್ಲ ಶರಣರಾಗಬೇಕಿತ್ತು. ನಾನು ಹುಟ್ಟಿದ್ದು ಅಫಜಲಪುರ ತಾಲೂಕಿನ ಭೀಮಾ ದಂಡೆಯಲ್ಲಿ. ನನಗೆ ಈಜು ಬರುವುದಿಲ್ಲ. ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಆದರೂ ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ, ಆಳಂದ ತಾಲೂಕಿನಲ್ಲಿದ್ದ ನನ್ನ ಸೋದರಮಾವನ ಊರಿನ ಎರಡು ಓಣಿಗಳು ನನ್ನನ್ನು ತಮ್ಮ ಕಡೆಯ ಈಜುಗಾರನನ್ನಾಗಿ ಮಾಡಿಕೊಳ್ಳಲು ಜಗಳಾಡಿದವು. ಅಂಥ ಮರ್ಯಾದೆ ಆಮೇಲೆ ನನಗೆ ಯಾವ ವಿಷಯದಲ್ಲೂ ಸಿಕ್ಕಿಲ್ಲ.

ಮೊದಲು ನನ್ನ ಮತ್ತು ನೀರಿನ ಸಂಬಂಧ ಎಷ್ಟಿತ್ತು ಎಂದು ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ನಮ್ಮ ಹೊಳೆ ಕೆಂಪಗೆ ಉಕ್ಕಿ ಬರುತ್ತಿತ್ತು, ಆಗ ದೊಡ್ಡವರೇ ಹತ್ತಿರ ಸುಳಿಯುತ್ತಿರಲಿಲ್ಲ. ಬೇಸಿಗೆಯಲ್ಲಿ ಮೊಣಕಾಲುದ್ದಕ್ಕೆ ಇಳಿದು ಅಲ್ಲಲ್ಲಿ ಮಡು ಮಾತ್ರ ಉಳಿಯುತ್ತಿತ್ತು. ಆ ಮಡುಗಳಲ್ಲಿ ಮೊಸಳೆ ಇದೆ ಎಂದು ಅವ್ವ ಹೇಳುತ್ತಿದ್ದಳು. ಅವಳು ಅದನ್ನು ಕಣ್ಣಿಂದ ಕಂಡವಳಲ್ಲ. ಆದರೆ ಅದಕ್ಕೆ ಯಾವ ಹೊತ್ತಿಗೆ ಹಸಿವಾಗುತ್ತದೆ, ಯಾವ ವಯಸ್ಸಿನ ಹುಡುಗರು ಅದಕ್ಕೆ ಹೆಚ್ಚು ರುಚಿ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಹಾಗಾಗಿ ನಾನು ಹೊಳೆಯಲ್ಲಿ ಮೊಣಕಾಲಿಗಿಂತ ಮೇಲೆ ಒದ್ದೆಯಾದದ್ದು ಒಂದೇ ಸಲ. ಮಳೆಗಾಲ ಮುಗಿದ ಮೇಲೆ, ಅವ್ವ ಊರಲ್ಲಿಲ್ಲದ ದಿನ ನಮ್ಮ ಎಮ್ಮೆಯ ಬಾಲ ಹಿಡಿದು ಆಚೆ ದಂಡೆಗೆ ಹೋಗಿದ್ದೆ. ಈಜಿದ್ದು ಎಮ್ಮೆ, ದಾಟಿದ್ದು ನಾನು.

ಮಾವನ ಊರಲ್ಲಿ ಹೊಳೆ ಇರಲಿಲ್ಲ. ಊರ ಹೊರಗಿನ ತೋಟದಲ್ಲಿ ದೊಡ್ಡ ಬಾವಿ ಇತ್ತು. ಶಾಲೆಗೆ ಸೂಟಿ ಬಿದ್ದರೆ ಸಾಕು, ಊರಿನ ಹುಡುಗರೆಲ್ಲ ಅದರಲ್ಲಿ. ಆದರೆ ಎಲ್ಲರೂ ಒಟ್ಟಿಗೆ ಇಳಿಯುವಂತಿರಲಿಲ್ಲ. ಬೆಳಗಿನ ತಿಳಿನೀರಿಗೆ ಮೊದಲು ಇಳಿಯುವ ಹಕ್ಕು ಊರಬಾಗಿಲ ಪಕ್ಕದ ಅಗಸಿ ಓಣಿಯದೋ ಮಠದ ಓಣಿಯದೋ ಎನ್ನುವುದು ಪ್ರತಿ ಬೇಸಿಗೆ ಒಂದು ಪಂದ್ಯದಲ್ಲಿ ತೀರ್ಮಾನವಾಗಬೇಕು. ಸೋತ ಓಣಿಯವರು ಗೆದ್ದವರು ಕಲಕಿಬಿಟ್ಟ ರಾಡಿಯಲ್ಲಿ ಈಜಬೇಕು. ಪಂದ್ಯ ಸೋಮವಾರವೇ ನಡೆಯಬೇಕು, ಯಾಕೆಂದರೆ ಸೋಮವಾರ ಎತ್ತು ಹೂಡುವುದಿಲ್ಲ. ಎತ್ತಿಗೆ ಬಿಡುವಾದರೆ ನೀರು ಸೇದುವ ಬಾವಿಗೂ ಬಿಡುವು.

ಪ್ರತಿ ಓಣಿಯಿಂದ ಮೂವರು ಹುಡುಗರು. ಯಾರು ಯಾವ ಓಣಿಯವರು ಎನ್ನಲು ಒಂದು ಕಟ್ಟಳೆ ಇತ್ತು: ಉಂಡ ಓಣಿಗೆ ಈಜಬೇಕು. ಸೂಟಿಗೆ ಅಜ್ಜಿಯ ಮನೆಗೋ ಮಾವನ ಮನೆಗೋ ಬಂದ ಪರಊರಿನ ಹುಡುಗ ಯಾವ ಓಣಿಯಲ್ಲಿ ಊಟ ಮಾಡುತ್ತಾನೋ ಆ ಓಣಿಯವನು. ಈ ಕಟ್ಟಳೆಯಿಂದಾಗಿ ಬೇಸಿಗೆಯಲ್ಲಿ ಆ ಊರಿಗೆ ಬರುವ ನೆಂಟರ ಮಕ್ಕಳಿಗೆ ಎಲ್ಲಿಲ್ಲದ ಉಪಚಾರ. ಬಸ್ಸಿನಿಂದ ಇಳಿಯುವ ಹುಡುಗನ ತೋಳು ಮುಟ್ಟಿ ನೋಡುವವರಿದ್ದರು.

ನನ್ನ ಮಾವನದು ಅಗಸಿ ಓಣಿ. ಮಾವನಷ್ಟು ಒಳ್ಳೆಯ ಮನುಷ್ಯನನ್ನು ನಾನು ಕಂಡಿಲ್ಲ, ಅವನಷ್ಟು ಸೋತವನನ್ನೂ ಕಂಡಿಲ್ಲ. ಕುಸ್ತಿ ಹಿಡಿಯಲು ಹೋಗಿ ಕೈ ಮುರಿದುಕೊಂಡಿದ್ದ. ಟಗರಿನ ಕಾಳಗಕ್ಕೆಂದು ಸಾಕಿದ ಟಗರು ಎದುರಾಳಿಯನ್ನು ನೋಡಿದ್ದೇ ಕಣದಿಂದ ಓಡಿತ್ತು. ಅದನ್ನು ಹಿಡಿಯಲು ಮಾವ ಪಕ್ಕದ ಊರಿನ ತನಕ ಓಡಿದ್ದ. ಚಹಾದ ಹೋಟೆಲಿಗೆ ಅವನು ಕಾಲಿಟ್ಟರೆ ಯಾರಾದರೊಬ್ಬರು ‘ಬ್ಯಾ’ ಅನ್ನುತ್ತಿದ್ದರು. ಅವನೂ ನಗುತ್ತಿದ್ದ, ಆದರೆ ಹೊರಗೆ ಬರುವಾಗ ಆ ನಗೆ ಬಾಗಿಲಲ್ಲೇ ನಿಲ್ಲುತ್ತಿತ್ತು.

ಹೋದ ದಿನವೇ ಮಾವ ನನ್ನನ್ನು ಆ ಹೋಟೆಲಿಗೆ ಕರೆದೊಯ್ದ. ಭೀಮಾ ದಂಡೆಯ ಹುಡುಗ ಎಂದು ಕೇಳಿ ಒಬ್ಬರು ವಿಚಾರಿಸಿದರು.

“ಹೊಳಿ ಎಂದಾದ್ರೂ ದಾಟೀಯೇನಲೇ?”

“ಒಮ್ಮೆ ದಾಟೀನ್ರಿ,” ಎಂದೆ.

ಎಮ್ಮೆಯ ಮಾತು ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ಯಾರೋ ನನ್ನ ಮುಂದೆ ಭಜಿ ತಂದಿಟ್ಟರು. ಬಿಸಿ ಭಜಿ ಬಾಯಲ್ಲಿಟ್ಟುಕೊಂಡು ಎಮ್ಮೆಯ ವಿಷಯ ಹೇಳುವುದು ಸರಿಯಲ್ಲ ಎನಿಸಿತು.

ಚಹಾ ಕುಡಿದು ಏಳುವ ಹೊತ್ತಿಗೆ ‘ಒಮ್ಮೆ’ ಎನ್ನುವುದು ‘ದಿನಾ’ ಆಗಿತ್ತು. ಮರುದಿನ ಮಾವನ ಮಾತಿನಲ್ಲಿ ಹೊಳೆಗೆ ಮಹಾಪೂರ ಬಂದಿತ್ತು. ಮೂರನೆಯ ದಿನ ನಾನು ಮುಳುಗುತ್ತಿದ್ದವರನ್ನು ಎಳೆದು ತಂದಿದ್ದೆ. ಮಾವ ಸುಳ್ಳು ಹೇಳುವವನಲ್ಲ, ಇದ್ದದ್ದಕ್ಕೆ ಒಗ್ಗರಣೆ ಹಾಕುವವನು. ಪ್ರತಿ ಸಲ ನನ್ನ ಮುಖ ನೋಡಿ “ಹೌದಿಲ್ಲೋ ಅಳಿಯಾ?” ಎನ್ನುತ್ತಿದ್ದ. ನಾನು ವಿನಯದಿಂದ ನೆಲ ನೋಡುತ್ತಿದ್ದೆ. ನನ್ನ ವಿನಯವೇ ದೊಡ್ಡ ಸಾಕ್ಷಿಯಾಯಿತು.

ಮಠದ ಓಣಿಯ ಕ್ಯಾಪ್ಟನ್ ಬಳೆಗಾರರ ಮನೆಯ ಉದ್ದನೆಯ ಹುಡುಗ. ಅವನು ಸುಮ್ಮನೆ ಕೂಡುವವನಲ್ಲ. ಒಂದು ಮಧ್ಯಾಹ್ನ ಸೈಕಲ್ ತಂದು ನನ್ನನ್ನು ಬೇವಿನ ಗಿಡದ ಕೆಳಗೆ ನಿಲ್ಲಿಸಿದ.

“ನೋಡೋ ಭಾಯಿ, ಅಗಸಿ ಓಣ್ಯಾಗ ಏನದ? ನಮ್ಮ ಓಣ್ಯಾಗ ಬಾ. ದಿನಾ ಸೈಕಲ್ ಕೊಡ್ತೇನಿ. ಅಮ್ಮೀಜಾನ್ ಖಜೂರ ಕೊಟ್ಟಾಳ, ತಗೋ.”

ತಗೊಂಡೆ. ತಿಂದೆ. ಬೀಜವನ್ನೂ ಬಹಳ ಹೊತ್ತು ಚೀಪಿದೆ. ಸಂಜೆಯಷ್ಟರಲ್ಲಿ ಎರಡೂ ಓಣಿಯವರು ಮಾವನ ಮನೆಯ ಕಟ್ಟೆಯ ಮುಂದೆ ಕೂಡಿದರು. ಖಜೂರ ಊಟವೋ ಅಲ್ಲವೋ ಎನ್ನುವುದರ ಮೇಲೆ ದೊಡ್ಡ ವಾದವಾಯಿತು. ಕೊನೆಗೆ ತೋಟದ ಮಾಲಕರಾದ ಮುದುಕರು, ಪಂದ್ಯಕ್ಕೂ ಅವರೇ ಪಂಚರು, ಹೇಳಿದರು: “ರೊಟ್ಟಿ ಮುರದ್ರ ಊಟ. ಖಜೂರ ತಿಂದ್ರ ಬರೇ ಬಾಯಿಚಪಲ.” ನಾನು ಅಗಸಿ ಓಣಿಗೇ ಉಳಿದೆ. ಅಂದಿನಿಂದ ಅತ್ತೆ, ಅಂದರೆ ಮಾವನ ಹೆಂಡತಿ, ಮತ್ತೆ ಅನುಮಾನಕ್ಕೆ ಎಡೆ ಬೇಡವೆಂದು ಹೊತ್ತುಹೊತ್ತಿಗೆ ನನ್ನನ್ನು ಕಟ್ಟೆಯ ಮೇಲೆ, ದಾರಿಹೋಕರಿಗೆಲ್ಲ ಕಾಣುವಂತೆ ಕೂಡಿಸಿ ರೊಟ್ಟಿ ಮುರಿಸಿದಳು.

ಬಾವಿಗೆ ದಿನಾ ಹೋಗುತ್ತಿದ್ದೆ, ನೀರಿಗೆ ಇಳಿಯುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಹರಿಯುವ ನೀರಿಗೆ ರೂಢಿಯಾದವನು ನಿಂತ ನೀರಿಗೆ ಪದೇಪದೇ ಇಳಿದರೆ ಕೈ ಕೆಡುತ್ತದೆ ಎಂದೆ. ಈ ಮಾತು ನನಗೆ ಎಲ್ಲಿಂದ ಹೊಳೆಯಿತೋ ತಿಳಿಯದು. ಎಲ್ಲರೂ ತಲೆದೂಗಿದರು. ನಮ್ಮ ತಂಡದ ಉಳಿದಿಬ್ಬರಿಗೆ ಬಾವಿಯ ದಂಡೆಯ ಮೇಲೆ ಕೂತು ಪಾಠ ಹೇಳತೊಡಗಿದೆ. “ಕಾಲು ಅಗಲ ಮಾಡ್ರಿ. ಹಿಂದಕ್ಕ ನಿಧಾನ ಒದೀರಿ. ಮೂಗು ಮ್ಯಾಲ ಇಟ್ಟು ಉಸಿರು ಬಿಡ್ರಿ.” ಈಜುವುದನ್ನು ನಾನು ಹತ್ತಿರದಿಂದ ನೋಡಿದ್ದು ಎಮ್ಮೆಯ ಬಾಲ ಹಿಡಿದಾಗ ಮಾತ್ರ. ನನಗೆ ಗೊತ್ತಿದ್ದ ವಿದ್ಯೆ ಅದೇ. ಆಶ್ಚರ್ಯವೆಂದರೆ ಅವರಿಬ್ಬರೂ ಸುಧಾರಿಸಿದರು.

ಸೋಮವಾರ ಹತ್ತಿರ ಬಂದಂತೆ ತಪ್ಪಿಸಿಕೊಳ್ಳುವ ದಾರಿ ಹುಡುಕತೊಡಗಿದೆ. ಕಂಕುಳಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ಬಿಸಿಲಿಗೆ ಕೂತರೆ ಜ್ವರ ಬರುತ್ತದೆ ಎಂದು ಶಾಲೆಯಲ್ಲಿ ಕೇಳಿದ್ದೆ. ಭಾನುವಾರ ಒಂದು ಒಳ್ಳೆಯ ಗಡ್ಡೆ ಆರಿಸಿ ಕಂಕುಳಲ್ಲಿಟ್ಟು ಹಿತ್ತಲಲ್ಲಿ ಕೂತೆ. ಜ್ವರ ಬರಲಿಲ್ಲ, ಅತ್ತೆ ಬಂದಳು. ಮೂಸಿ ನೋಡಿದಳು.

“ಕಂಕುಳಾಗ ಉಳ್ಳಾಗಡ್ಡಿ ಇಟ್ಕೊಂಡೀ ಏನೋ? ಹೊಲಕ್ಕ ಹೋಗೋ ದಿನ ನಿಮ್ಮ ಮಾಮಾನೂ ಹಿಂಗೇ ಮಾಡ್ತಾರ.” ಆಮೇಲೆ ದನಿ ತಗ್ಗಿಸಿದಳು. “ಖರೇ ಹೇಳು. ಈಜಾಕ ಬರ್ತದೋ ಇಲ್ಲೋ?”

“ಬರ್ತದ್ರಿ ಅತ್ತಿ,” ಎಂದೆ.

“ಬರಲ್ಲಂದ್ರ ಮಾಮಾಗ ಹೇಳಿಬಿಡು, ಅವರೇನು ಬಡಿಯೋರಲ್ಲ,” ಎಂದಳು. ಉಳ್ಳಾಗಡ್ಡಿಯನ್ನು ಕಸಿದುಕೊಂಡು ಒಳಗೆ ಹೋಗಿ ಮಧ್ಯಾಹ್ನದ ಪಲ್ಯಕ್ಕೆ ಹೆಚ್ಚಿದಳು.

ಸೋಮವಾರ ಬೆಳಗ್ಗೆ ಹೇಳಬೇಕೆಂದೇ ಎದ್ದೆ. ಮಾವ ಆಗಲೇ ಮಿಂದು, ವಿಭೂತಿ ಹಚ್ಚಿಕೊಂಡು, ಮದುವೆಗೆ ಉಡುವ ಧೋತರ ಉಟ್ಟು ರುಮಾಲು ಸುತ್ತುತ್ತಿದ್ದ.

“ಮಾಮಾ, ಒಂದು ಮಾತದ,” ಎಂದೆ.

“ನನಗೂ ಒಂದು ಮಾತದ, ಮದಲ ಕೇಳು,” ಎಂದ. “ಹ್ವಾದ ವಾರದಿಂದ ಹೋಟೆಲಿನ್ಯಾಗ ಯಾರೂ ಬ್ಯಾ ಅಂದಿಲ್ಲ ನೋಡು. ‘ಬರ್ರಿ, ಕೂಡ್ರಿ’ ಅನ್ನಾಕತ್ತಾರ. ಎಲ್ಲಾ ನಿನ್ನಿಂದ. ಈಗ ನೀ ಹೇಳು.”

ನನಗೆ ಅಳು ಬಂತು. ಹೊಳೆ, ಬಾವಿ, ಮೊಸಳೆ ಎಲ್ಲದಕ್ಕಿಂತ ಆ ‘ಬರ್ರಿ, ಕೂಡ್ರಿ’ಗೆ ನಾನು ಹೆಚ್ಚು ಹೆದರಿದೆ. ನಾನು ಬಾಯಿ ಬಿಟ್ಟರೆ ಆ ಮನುಷ್ಯ ಮತ್ತೆ ಟಗರಿನವನಾಗುತ್ತಾನೆ. ಏನಿಲ್ಲ ಮಾಮಾ, ಹೋಗೋಣ ಎಂದುಬಿಟ್ಟೆ. ಸುಮ್ಮನೆ ಹಾರಿಬಿಡೋಣ, ಎಮ್ಮೆಗೆ ಯಾರು ಕಲಿಸಿದ್ದಾರೆ, ಹೇಗೋ ಬಂದೀತು ಎಂದುಕೊಂಡೆ. ಹನ್ನೊಂದರ ವಯಸ್ಸಿಗೆ ಅದು ತರ್ಕದಂತೆಯೇ ಕಂಡಿತ್ತು.

ಬಾವಿಯ ಸುತ್ತ ಎರಡೂ ಓಣಿ ನೆರೆದಿದ್ದವು. ಒಂದು ಕಡೆ ಮೆಟ್ಟಿಲು, ಎದುರಿಗೆ ಎತ್ತುಗಳು ನೀರೆತ್ತುವ ಕಲ್ಲುಕಟ್ಟೆ. ಆ ಕಟ್ಟೆಯಿಂದ ಹಾರಿ, ಗೋಡೆ ಮುಟ್ಟದೆ ಬಾವಿಯನ್ನು ಒಂದು ಸುತ್ತು ಹಾಕಿ ಮೆಟ್ಟಿಲು ಹಿಡಿಯಬೇಕು. ಎರಡೂ ಕಡೆಯ ಹುಡುಗರು ಒಟ್ಟಿಗೆ ಹಾರಬೇಕು, ಮೊದಲು ಮುಟ್ಟಿದವನ ಓಣಿಗೆ ಒಂದು ಗೆಲುವು. ಮೊದಲ ಜೋಡಿಯಲ್ಲಿ ನಮ್ಮವನು ಗೆದ್ದ. ಎರಡನೆಯದರಲ್ಲಿ ಅವರವನು. ಕೊನೆಯ ಜೋಡಿ ನಾನು ಮತ್ತು ಬಳೆಗಾರರ ಹುಡುಗ. ಮಾವ ಕಟ್ಟೆಯ ಪಕ್ಕದಲ್ಲೇ ನಿಂತು ರುಮಾಲು ಬಿಚ್ಚಿ ಗಾಳಿಯಲ್ಲಿ ತಿರುಗಿಸುತ್ತಿದ್ದ. ಕೆಳಗಿನ ನೀರು ಮಸಿಯಷ್ಟು ಕಪ್ಪಗಿತ್ತು.

ಪಂಚರು ಹೂಂ ಅಂದರು. ಹಾರಿದೆ.

ಹೋದೆ, ಹೋದೆ, ಹೋಗುತ್ತಲೇ ಇದ್ದೆ. ಮೂಗು, ಕಿವಿ, ಬಾಯಿ ಎಲ್ಲ ಕಡೆಯಿಂದ ಬಾವಿ ಒಳಗೆ ಬಂತು. ಹುಡುಗರಿಗೆ ಹೇಳಿದ ಪಾಠವನ್ನೆಲ್ಲ ಮಾಡಿದೆ, ಕಾಲು ಅಗಲಿಸಿದೆ, ಹಿಂದಕ್ಕೆ ಒದ್ದೆ. ಏನೂ ಆಗಲಿಲ್ಲ. ಒಮ್ಮೆ ಹೇಗೋ ಮೇಲೆ ಬಂದಾಗ “ಅವ್ವಾ” ಎಂದು ಕಿರುಚಿದ್ದು ನೆನಪಿದೆ. ಆ ಹೊತ್ತಿಗೆ ಪಕ್ಕದಲ್ಲಿ ಜೋಳದ ಚೀಲ ಬಿದ್ದಷ್ಟು ದೊಡ್ಡ ಸಪ್ಪಳವಾಯಿತು. ಮತ್ತೆ ಮುಳುಗಿದೆ. ಯಾರೋ ಕೂದಲು ಹಿಡಿದು ಎಳೆದರು. ಕಣ್ಣು ಬಿಟ್ಟಾಗ ಮೆಟ್ಟಿಲ ಮೇಲೆ ಬೋರಲು ಬಿದ್ದಿದ್ದೆ, ಬಳೆಗಾರರ ಹುಡುಗ ನನ್ನ ಬೆನ್ನು ಗುದ್ದುತ್ತಿದ್ದ.

“ಅರೆ ಸಾಲೇ, ಇದೇನೋ ನಿನ್ನ ಭೀಮಾ?” ಎನ್ನುತ್ತಿದ್ದ.

ಆದರೆ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ಬಾವಿಯನ್ನು ನೋಡುತ್ತಿದ್ದರು. ಬಾವಿಯಲ್ಲಿ ಮಾವ ಇದ್ದ. ಧೋತರದೊಳಗೆ ಗಾಳಿ ತುಂಬಿ ಅದು ಅವನ ಸುತ್ತ ದೊಡ್ಡ ಬಿಳಿ ಬುಟ್ಟಿಯ ಹಾಗೆ ಉಬ್ಬಿತ್ತು. ಅದರ ನಡುವೆ ಮಾವನ ತಲೆ. ಎರಡೂ ಕೈಯಿಂದ ನೀರು ಬಡಿಯುತ್ತಿದ್ದ, ಬಡಿದಂತೆಲ್ಲ ತಿರುಗುತ್ತಿದ್ದ, ತಿರುಗುತ್ತ ಗೋಡೆಯ ಪಕ್ಕದಲ್ಲೇ ಸಾಗುತ್ತಿದ್ದ. “ಹುಡುಗ ಎಲ್ಲಿ? ಹುಡುಗ ಎಲ್ಲಿ?” ಎಂದು ಒಂದೇ ಸಮನೆ ಕೂಗುತ್ತಿದ್ದ.

“ಹೊರಗ ತೆಗದೀವಿ! ಹಗ್ಗ ಹಿಡೀಲೇ!” ಎಂದು ಪಂಚರು ಮೇಲಿನಿಂದ ಚೀರಿದರು. “ನಿನಗ ಈಜು ಎಲ್ಲಿ ಬರ್ತದೋ ಹುಚ್ಚಪ್ಪಾ!”

ಹಗ್ಗ ಹಿಡಿಯುವ ಮೊದಲೇ ಅವನ ಕೈ ಮೆಟ್ಟಿಲಿಗೆ ತಾಗಿತು. ನಾಲ್ವರು ಹಿಡಿದು ಮೇಲೆ ಎಳೆದರು. ಆಗ ಧೋತರದ ಗಾಳಿ ಹೊರಟಿತು.

ಇಬ್ಬರೂ ಬದುಕಿದ್ದಾರೆ ಎಂದು ಖಾತ್ರಿಯಾಗುತ್ತಲೇ ಜಗಳ ಶುರುವಾಯಿತು. ಅಗಸಿ ಓಣಿಯವರ ವಾದ ಹೀಗಿತ್ತು: ಮಾವ ಉಂಡದ್ದು ನಮ್ಮ ಓಣಿಯಲ್ಲಿ. ಕಟ್ಟೆಯಿಂದಲೇ ಹಾರಿದ್ದಾನೆ. ಗೋಡೆ ಮುಟ್ಟದೆ ಸುತ್ತು ಹಾಕಿ ಮೆಟ್ಟಿಲು ಹಿಡಿದಿದ್ದಾನೆ. ಬಳೆಗಾರರ ಹುಡುಗ ಸುತ್ತನ್ನೇ ಮುಗಿಸಿಲ್ಲ, ನಡುವೆ ಹುಡುಗನನ್ನು ಎಳೆಯಲು ಹೋದ. ಈಜುವವರಿಗೆ ಇಷ್ಟೇ ವಯಸ್ಸಿರಬೇಕು ಎಂದು ಯಾರು ಎಲ್ಲಿ ಹೇಳಿದ್ದಾರೆ? ಮಠದ ಓಣಿಯವರು ಮುಳುಗುವುದನ್ನು ಈಜು ಎನ್ನುವುದಾದರೆ ನಾಳೆ ಕಲ್ಲನ್ನೂ ತಂಡಕ್ಕೆ ಸೇರಿಸುತ್ತೇವೆ ಎಂದರು. ಪಂಚರು ತಲೆಯ ಮೇಲೆ ಕೈ ಹೊತ್ತು ಕೂತರು. ಬಿಸಿಲು ಏರಿದರೂ ಮಾತು ಮುಗಿಯಲಿಲ್ಲ.

ನಾನು ಮಾವನ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಧೋತರದ ಅಂಚು ಹಿಂಡಿಕೊಂಡ. ಮೇಲಿನಿಂದ ಯಾರೋ ‘ಬ್ಯಾ’ ಅಂದರು. ಒಂದಿಬ್ಬರು ನಕ್ಕರು. ಮಾವ ತಲೆ ಎತ್ತಲಿಲ್ಲ, ನನ್ನ ತಲೆಯ ನೀರನ್ನು ತನ್ನ ಒದ್ದೆ ರುಮಾಲಿನಿಂದಲೇ ಒರೆಸುತ್ತಿದ್ದ. ಅದರಿಂದ ತಲೆ ಇನ್ನಷ್ಟು ಒದ್ದೆಯಾಗುತ್ತಿತ್ತು.

“ಮಾಮಾ, ನನಗ ಈಜಾಕ ಬರಲ್ಲ,” ಎಂದೆ. ಆ ಹೊತ್ತಿಗೆ ಇಡೀ ಊರಿಗೆ ತಿಳಿದಿದ್ದ ಸಂಗತಿ ಅದು.

“ಗೊತ್ತಾತು,” ಎಂದ.

“ನಿನಗೂ ಬರಲ್ಲಲ್ಲಾ, ಮತ್ಯಾಕ ಹಾರಿದಿ?”

ಮಾವ ರುಮಾಲು ಹಿಂಡಿ ಮತ್ತೆ ನನ್ನ ತಲೆಯ ಮೇಲೆ ಹಾಕಿದ.

“ಬರಲ್ಲ ಅನ್ನೋದು,” ಎಂದ, “ಹಾರಿದ ಮ್ಯಾಲ ನೆನಪಾತ್ ನೋಡು.”