ನೀಲವ್ವ ಗುರುವಿಗೆ ಕೊಟ್ಟ ಪದ

ಕೊರೋನಾ ಕಾಲ ಮುಗಿದು ಊರೂರಿನಲ್ಲಿ ಮತ್ತೆ ಹಾಡಿಕೆಗಳು ಶುರುವಾದ ವರ್ಷ ನಾನು ಸಿಂದಗಿಯಲ್ಲಿ ಜಾನಪದ ಹಾಡುಗಾರರ ಸಹಕಾರಿ ಸಂಘವೊಂದರ ಕಾರ್ಯದರ್ಶಿಯಾಗಿದ್ದೆ. ಅದಕ್ಕೂ ಮೊದಲಿನ ನನ್ನ ಇಡೀ ನೌಕರಿ ಕೃಷಿ ಪತ್ತಿನ ಸಂಘಗಳಲ್ಲೇ ಸವೆದಿತ್ತು. ಬೀಜ, ಗೊಬ್ಬರ, ಬೆಳೆಸಾಲ ಬಿಟ್ಟರೆ ಬೇರೆ ಲೋಕ ಗೊತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೂತು ಅಡುಗೆಮನೆಯ ಆಡಿಟ್ ಮಾಡುವುದಕ್ಕಿಂತ ಎಲ್ಲಾದರೂ ಹೋಗಿ ದುಡಿಯಿರಿ ಎಂದು ಹೆಂಡತಿಯೇ ಹೊರಡಿಸಿದಳು. ಹೀಗೆ ಸುರ ತಾಳ ಒಂದೂ ತಿಳಿಯದ ನಾನು ಹಾಡುಗಾರರ ನಡುವೆ ಬಂದು ಬಿದ್ದೆ.

ಕೆಲಸ ಕಷ್ಟದ್ದೇನಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ತಾವೇ ಪದ ಕಟ್ಟಿ ಹಾಡುವವರು ಬೇಕಾದಷ್ಟಿದ್ದಾರೆ. ಪದ ಎಂದರೆ ನಮ್ಮ ಕಡೆ ಹಾಡು. ರಾತ್ರಿಯಿಡೀ ಹಾಡಿ ಜನರನ್ನು ಕೂರಿಸುವ ಇವರಲ್ಲಿ ಹೆಚ್ಚಿನವರ ದನಿ ಒಮ್ಮೆಯೂ ಸ್ಟುಡಿಯೋ ಕಂಡಿರಲಿಲ್ಲ. ಒಬ್ಬೊಬ್ಬರಿಗೇ ಆಗದ ಖರ್ಚನ್ನು ಷೇರು ಕೂಡಿಸಿ ನಿಭಾಯಿಸುವುದು, ವಿಜಯಪುರದ ಒಂದು ಸಣ್ಣ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸುವುದು, ಕಟ್ಟಿದವರ ಹೆಸರು ಹಾಕಿ ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡುವುದು ಸಂಘದ ಕೆಲಸ.

ಸಂಘದಲ್ಲಿ ಒಂದು ನಿಯಮವಿತ್ತು. ಅದನ್ನು ಮಾಡಿದವರು ಸದಸ್ಯರೇ. ಆರಂಭದಲ್ಲಿ ಒಬ್ಬರ ಪದವನ್ನು ಇನ್ನೊಬ್ಬರು ತಮ್ಮದೆಂದು ಮೊಬೈಲಿನಲ್ಲಿ ಹರಿಬಿಟ್ಟು, ಜಗಳ ಕೊರಳಪಟ್ಟಿಯ ತನಕ ಹೋಗಿತ್ತು. ಆಮೇಲೆ ಸಭೆ ತೀರ್ಮಾನಿಸಿತು: ಮೊದಲ ರೆಕಾರ್ಡಿಂಗಿನ ಪದ ಹಾಡುವವರೇ ಕಟ್ಟಿದ್ದಾಗಿರಬೇಕು, ಮತ್ತು ಎಲ್ಲ ಸದಸ್ಯರೆದುರು ದಪ್ಪಿನ ಮೇಲೆ ಕೈಯಿಟ್ಟು ಹಾಗೆಂದು ಹೇಳಬೇಕು. ದಪ್ಪು ಹಾಡಿಕೆಯಲ್ಲಿ ಬಡಿಯುವ ಅಗಲ ಮುಖದ ಚರ್ಮವಾದ್ಯ. ಒಂದು ಸಹಿ ಹಾಕಿಸಿಕೊಂಡರೆ ಸಾಲದೇ ಎಂದು ನಾನು ಕೇಳಿದ್ದೆ. ಮುದ್ದೇಬಿಹಾಳ ಕಡೆಯ ಡೊಳ್ಳಿನ ಪದಗಾರರಾದ ನಮ್ಮ ಅಧ್ಯಕ್ಷರು ನಕ್ಕುಬಿಟ್ಟರು. ‘ಸಹಿ ಯಾರರ ಮಾಡ್ತಾರ್ರಿ ಸಾಹೇಬ್ರ. ದಪ್ಪಿನ ಮ್ಯಾಲ ಕೈ ಇಟ್ಟು ಹಾಡುಗಾರ ಸುಳ್ಳ ಹೇಳೂದಿಲ್ಲ.’ ನಿಜಕ್ಕೂ ಆ ನಿಯಮ ಬಂದ ಮೇಲೆ ಜಗಳ ನಿಂತಿತ್ತು.

ನೀಲವ್ವ ಸಂಘಕ್ಕೆ ಬಂದದ್ದು ಈ ಹೊತ್ತಿನಲ್ಲಿ. ಐವತ್ತರ ಹತ್ತಿರದ ಹೆಂಗಸು. ಹಗಲು ಇಂಡಿಯ ಲಿಂಬೆಹಣ್ಣಿನ ಮಂಡಿಯಲ್ಲಿ ಹಣ್ಣು ಆರಿಸುವ ಕೆಲಸ, ಹಾಡಿಕೆಯಿದ್ದ ರಾತ್ರಿ ನಾಗೇಶಿ ಮೇಳದ ಮುಂದಾಳು. ನಮ್ಮ ಕಡೆ ಹಾಡಿಕೆಯಲ್ಲಿ ಎರಡು ಪಕ್ಷ. ಹರದೇಶಿಯವರು ಗಂಡು ಹೆಚ್ಚು ಎಂದು ವಾದಿಸಿ ಹಾಡಿದರೆ, ನಾಗೇಶಿಯವರು ಹೆಣ್ಣು ಹೆಚ್ಚು ಎಂದು ಅದನ್ನು ಮುರಿಯುತ್ತಾರೆ. ನೀಲವ್ವನ ಸವಾಲಿಗೆ ಹರದೇಶಿಯವರು ಬಾಯಿ ಒಣಗಿ ನೀರು ಕೇಳುತ್ತಿದ್ದರಂತೆ. ಆಕೆ ಫೋನಿನಲ್ಲಿ ಹಾಡಿ ಕಳಿಸಿದ ಪದ ಕೇಳಿ ಕಮಿಟಿಯವರು ಮತ್ತೆ ಮತ್ತೆ ಹಾಕಿಸಿಕೊಂಡರು.

‘ತೊಟ್ಟಿಲ ಮಾಡಿದ ಬಡಿಗ್ಯಾನ ಹೆಸರ ಊರೆಲ್ಲ ಹೇಳತೈತಿ,
ಜೋಗುಳ ಕಟ್ಟಿದಾಕಿ ಯಾರಂತ ಕೇಳಿದ್ರ ಊರ ಸುಮ್ಮನೈತಿ.’

ಪದದ ಕೊನೆಯ ನುಡಿಯಲ್ಲಿ, ಅಂದರೆ ಚರಣದಲ್ಲಿ, ಕಟ್ಟಿದವರ ಊರು, ಹೆಸರು ಬರುವುದು ರೂಢಿ. ಅದಕ್ಕೆ ಅಂಕಿತ ಎನ್ನುತ್ತಾರೆ. ನೀಲವ್ವನ ಅಂಕಿತದಲ್ಲಿ ಇದ್ದದ್ದು ಕೊಲ್ಹಾರ ಊರು, ಹುಸೇನಸಾಬ ಮಾಸ್ತರರ ಹೆಸರು. ಆಕೆಯ ತವರು ಕೊಲ್ಹಾರ. ಚಿಕ್ಕಂದಿನಿಂದ ಆಕೆಗೆ ದಪ್ಪು ಹಿಡಿಯಲು ಕಲಿಸಿದವರು ಈ ಮಾಸ್ತರರು.

ನಾನು ಇಂಡಿಗೆ ಹೋಗಿ ಮಂಡಿಯಲ್ಲೇ ಆಕೆಯನ್ನು ಕೇಳಿದೆ. ಕೈ ನಿಲ್ಲಿಸದೆ ಹಣ್ಣು ಆರಿಸುತ್ತಲೇ ಹೇಳಿದಳು, ‘ಪದ ಗುರುಗೋಳದ್ರಿ.’ ಹಾಗಾದರೆ ನಿಯಮದಂತೆ ಅವರೇ ಹಾಡಬೇಕಾಗುತ್ತದೆ ಎಂದೆ. ‘ಅವರಿಗೆ ವಯಸ್ಸ ಆತ್ರಿ. ನನ್ನ ಕಡಿಂದ ಹಾಡಸ್ರಿ, ಅವರ ಹೆಸರ ಹಾಕ್ರಿ’ ಎಂದಳು. ಅದು ಆಗದ ಮಾತು. ಆದರೂ ಆಕೆಯ ಮುಖದಲ್ಲಿ ಆಸೆ ಎದ್ದು ಕಾಣುತ್ತಿತ್ತು. ಅವಳ ಸರೀಕರೆಲ್ಲ ರೆಕಾರ್ಡ್ ಮಾಡಿಸಿಯಾಗಿತ್ತು. ದನಿ ಎಷ್ಟು ದಿನ ಇರುತ್ತದೋ ಎಂಬ ದಿಗಿಲೂ ಇತ್ತು.

ಮರುದಿನವೇ ಕೊಲ್ಹಾರಕ್ಕೆ ಹೋದೆ. ಹಳೆಯ ಊರು ಕೃಷ್ಣೆಯ ಹಿನ್ನೀರಿಗೆ ಹೋದ ಮೇಲೆ ಕಟ್ಟಿಕೊಂಡ ಹೊಸ ಊರಿನಲ್ಲಿ ಮಾಸ್ತರರ ಮನೆ, ಮುಂದೆ ಹೊಲಿಗೆಯಂತ್ರ. ಎಂಬತ್ತರ ಹತ್ತಿರವಿದ್ದರೂ ಸೂಜಿಗೆ ದಾರ ತಾವೇ ಪೋಣಿಸುತ್ತಿದ್ದರು. ವಿಷಯ ಕೇಳಿ ಜೋರಾಗಿ ನಕ್ಕರು. ‘ನಂದಲ್ರಿ, ಅಕೀದು! ನನ್ನ ಪದದಾಗ ದೇವರು, ದೈತ್ಯರು, ಸಪ್ತಸಾಗರ ಇರ್ತಾವ. ನಾ ಯಾವತ್ತ ತೊಟ್ಟಿಲ ತೂಗೀನಿ? ಇದು ಹಡದಾಕಿ ಮಾತ್ರಿ.’ ಸಭೆಗೆ ಬಂದು ಎಲ್ಲರೆದುರು ಹಾಗೇ ಹೇಳುತ್ತೇನೆ ಎಂದು ತಾವಾಗಿಯೇ ಮಾತು ಕೊಟ್ಟರು. ನೀಲವ್ವನ ಹೆಸರಲ್ಲೇ ಆಕೆಯ ಮೊದಲ ಪದ ಹೊರಬರುತ್ತದೆ ಎಂದು ನಾನು ಖುಷಿಯಿಂದ ಬಸ್ ಹತ್ತಿದೆ.

ಆ ಸಲದ ಸಭೆ ಬಸವನ ಬಾಗೇವಾಡಿಯ ಒಂದು ಶಾಲೆಯಲ್ಲಿ ನಡೆಯಿತು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಹೆಂಡತಿ ಮೆಹಬೂಬಬಿಯನ್ನೂ ಕರೆದುಕೊಂಡು ಬಂದಿದ್ದರು. ಎದ್ದು ನಿಂತು, ‘ಈ ಪದ ನನ್ನ ಶಿಷ್ಯಾಳು ಕಟ್ಟಿದ್ದು. ನಾ ಇಂಥಾದ್ದ ಕಟ್ಟಬೇಕಂತ ಮಾಡಿದ್ದೆ, ಆಗಲಿಲ್ಲ’ ಎಂದರು. ಜನ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ನೀಲವ್ವನ ಮುಂದೆ ದಪ್ಪು ಹಿಡಿದರು.

ಆಕೆ ದಪ್ಪಿನ ಮೇಲೆ ಕೈಯಿಟ್ಟಳು. ಗುರುವಿನ ಕಡೆ ನೋಡಿದಳು. ‘ಗುರುಗೋಳು ದೊಡ್ಡ ಮನಸ್ಸಿನವರು. ಪದ ಅವರದ. ಅವರಿಗೆ ಮರವ ಆಗೇತಿ’ ಎಂದು ಹೇಳಿ, ಬಾಗಿ ಅವರ ಕಾಲು ಮುಟ್ಟಿದಳು.

ಈ ಸಲ ಚಪ್ಪಾಳೆ ಮೊದಲಿಗಿಂತ ಜೋರಾಯಿತು. ನಾನೂ ತಟ್ಟಿದೆ. ಇದು ಹಾಡುಗಾರರಲ್ಲಿ ನಡೆದು ಬಂದ ಮರ್ಯಾದೆ ಎಂದು ಅಧ್ಯಕ್ಷರು ಆಮೇಲೆ ತಿಳಿಸಿದರು. ಶಿಷ್ಯ ತನ್ನ ಪದವನ್ನು ಗುರುವಿನದೆನ್ನಬೇಕು, ಗುರು ಒಲ್ಲೆ ಎನ್ನಬೇಕು, ಶಿಷ್ಯ ಮತ್ತೆ ಅದನ್ನೇ ಹೇಳಿದಾಗ ಗುರು ನಕ್ಕು ಸುಮ್ಮನಾಗಬೇಕು. ನೀಲವ್ವ ಮಾಡಿದ್ದು ಅಷ್ಟೇ. ಗುರುವಿನ ಎದುರು ‘ನಂದು’ ಎನ್ನುವುದು ಅವರ ಗಾದಿಯ ಮೇಲೆ ಕೂತ ಹಾಗೆ ಎಂದು ತಿಳಿದವಳು ಆಕೆ. ಆದರೆ ಮಾಸ್ತರರು ನಗಲಿಲ್ಲ. ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿ, ‘ನನಗ ಮರವ ಆಗೇತೇನು?’ ಎಂದು ಕೇಳಿದ್ದು ನನ್ನ ಕಿವಿಗೂ ಬಿತ್ತು.

ಆಗ ನಮಗೆ ಯಾರಿಗೂ ಗೊತ್ತಿಲ್ಲದ ಸಂಗತಿಯೊಂದಿತ್ತು. ಮಾಸ್ತರರ ಅಣ್ಣ ಕೊನೆಗಾಲದಲ್ಲಿ ಮರೆವಿನ ರೋಗ ಹತ್ತಿ, ಮಸೀದಿಯಿಂದ ಮನೆಗೆ ಬರುವ ದಾರಿಯೂ ತಿಳಿಯದೆ ಬೀದಿಯಲ್ಲಿ ನಿಂತಿರುತ್ತಿದ್ದರಂತೆ. ತನಗೂ ಹಾಗಾದೀತು ಎಂಬ ಭಯ ಮಾಸ್ತರರ ಒಳಗೆ ಕೂತಿತ್ತು. ಬೇರೆ ಯಾರಾದರೂ ಹೇಳಿದ್ದರೆ ಬೈದು ಕಳಿಸುತ್ತಿದ್ದರು. ಹೇಳಿದ್ದು ನೀಲವ್ವ, ಅದೂ ದಪ್ಪಿನ ಮೇಲೆ ಕೈಯಿಟ್ಟು.

ಕೆಲವು ವಾರ ಕಳೆದು ಮಾಸ್ತರರು ಒಬ್ಬರೇ ಸಿಂದಗಿಯ ನಮ್ಮ ಆಫೀಸಿಗೆ ಬಂದರು. ‘ಪದ ನಂದಂತ. ಹಂಗಾದ್ರ ನಾನ ಹಾಡಬೇಕಲ್ರಿ? ಅದು ಹೊರಗ ಬರೂದು ನನ್ನಿಂದ ನಿಲ್ಲೂದು ಬ್ಯಾಡ’ ಎಂದರು. ಅವರು ಹೋದ ಕೂಡಲೇ ನೀಲವ್ವನಿಗೆ ಫೋನ್ ಮಾಡಿ ಹೇಳಿದೆ. ‘ಖರೇನ ನಂಬ್ಯಾರೇನ್ರಿ?’ ಎಂದಳು.

ಆಕೆಯ ಜೊತೆ ನಾನೂ ಕೊಲ್ಹಾರಕ್ಕೆ ಹೋದೆ. ನೀಲವ್ವ ಮನೆಯೊಳಗೆ ಕಾಲಿಡುತ್ತಲೇ ಅಳತೊಡಗಿದಳು. ‘ಮಾಸ್ತರ, ಪದ ನಂದ್ರಿ. ಲಿಂಬಿಹಣ್ಣ ಆರಸ್ತ ಆರಸ್ತ ಕಟ್ಟೀನಿ. ಮಂದಿ ಮುಂದ ನಿಮ್ಮ ಮರ್ಯಾದಿಗೆ ಸುಳ್ಳ ಹೇಳೀನಿ.’

ಮಾಸ್ತರರು ಆಕೆಯ ತಲೆ ಸವರಿದರು. ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. ‘ಸುಳ್ಳ ಈಗ ಹೇಳಾಕತ್ತಿ ಮಗಳ. ನನಗ ಕೆಟ್ಟ ಅನಸಬಾರದಂತ ಹೇಳಾಕತ್ತಿ. ದಪ್ಪಿನ ಮ್ಯಾಲ ಕೈ ಇಟ್ಟು ನೀ ಸುಳ್ಳ ಹೇಳಾಕಿ ಅಲ್ಲ. ನಾನ ಕಲಿಸೀನಲ್ಲ ನಿನಗ.’

ನಾನೂ ಹೇಳಿ ನೋಡಿದೆ. ನನ್ನ ಮಾತನ್ನು ಸಾಹೇಬರ ಸೌಜನ್ಯ ಎಂದುಕೊಂಡರು. ನೀಲವ್ವ ಎಷ್ಟು ಅತ್ತರೆ ಅಷ್ಟು ಅವರ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ತನಗೇನೋ ಆಗಿದೆ ಎಂದೇ ಇವಳು ಇಷ್ಟು ಅಳುತ್ತಿದ್ದಾಳೆ ಎಂದು ಅವರ ಲೆಕ್ಕ. ಬೇರೆ ದಾರಿ ಕಾಣದೆ ಆಕೆ, ‘ಹಾಡ್ರಿ ಹಂಗಾದ್ರ, ನಾ ಹಿಮ್ಮೇಳಕ್ಕ ನಿಂದರ್ತೇನಿ’ ಎಂದಳು. ಹಾಡಿಬಿಟ್ಟರೆ ಗೆದ್ದ ಹುಮ್ಮಸ್ಸಿನಲ್ಲಿ ಭಯ ಹೋದೀತು ಎಂದು ನಮ್ಮಿಬ್ಬರಿಗೂ ಅನಿಸಿತ್ತು.

ನೀಲವ್ವ ದಪ್ಪಿನ ಮೇಲೆ ಹೇಳಿದ ಮಾತೇ ಸಾಕೆಂದು ಕಮಿಟಿಯವರೂ ಒಪ್ಪಿದರು. ಸ್ಟುಡಿಯೋದಲ್ಲಿ ಮೊದಲ ಎರಡು ನುಡಿ ಚೆನ್ನಾಗಿಯೇ ಬಂದವು. ಹಾಡಿಕೆಗಳಲ್ಲಿ ಶಿಷ್ಯಳ ಬಾಯಿಂದ ಕೇಳಿ ಕೇಳಿ ಅಷ್ಟು ಬಾಯಿಗೆ ಬಂದಿತ್ತು. ಮೂರನೆಯ ನುಡಿಗೆ ತಡೆದರು. ನೀಲವ್ವ ಹಿಂದಿನಿಂದ ಮೆಲ್ಲಗೆ ಎತ್ತಿಕೊಟ್ಟಳು. ಹಾಡಿ, ಮುಂದಿನ ಸಾಲಿಗೆ ಮತ್ತೆ ನಿಂತರು. ರೆಕಾರ್ಡಿಂಗ್ ಮಾಡುವವನು ಒಳ್ಳೆಯ ಮನಸ್ಸಿನಿಂದಲೇ, ಬರೆದು ಕೊಡುತ್ತೇನೆ, ನೋಡಿಕೊಂಡು ಹಾಡಿ ಎಂದ. ಮಾಸ್ತರರು ಕಿವಿಯ ಹೆಡ್‌ಫೋನ್ ತೆಗೆದು ಕೆಳಗಿಟ್ಟರು. ‘ತನ್ನ ಪದ ನೋಡಿಕೊಂಡು ಹಾಡಾಂವ ಕವಿ ಏನ್ರಿ? ನಾ ಕಟ್ಟಿದ ಪದ ನನಗ ಬರವಲ್ದು. ಮುಗೀತು’ ಎಂದು ಮುಖ ಮುಚ್ಚಿಕೊಂಡರು. ಕಟ್ಟದೇ ಇದ್ದ ಪದ ನೆನಪಾಗುವುದಾದರೂ ಹೇಗೆ? ಅದನ್ನು ಕೂಗಿ ಹೇಳಬೇಕೆನಿಸಿತು. ಹೇಳಿಯಾಗಿತ್ತು, ಅವರು ನಂಬಿರಲಿಲ್ಲ.

ಅಲ್ಲಿಂದ ಅವರು ಹಾಡಿಕೆಗೆ ಹೋಗಲಿಲ್ಲ. ಅಳತೆ ತಪ್ಪೀತೆಂದು ಹೊಲಿಗೆಯನ್ನೂ ಬಿಟ್ಟರು. ನೋಡಲು ಹೋದಾಗ ತಮ್ಮ ಹಳೆಯ ಪದವೊಂದನ್ನು ಒಂದಕ್ಷರ ತಪ್ಪದೆ ಹೇಳಿ, ‘ಇದು ನಂದ ಹೌದಲ್ರಿ?’ ಎಂದು ನನ್ನನ್ನು ಕೇಳಿದರು. ಸುಮಾರು ಒಂದು ವರ್ಷ ಹೀಗೆ ಬದುಕಿ, ಎದೆಗೆ ಕಫ ಕಟ್ಟಿ ತೀರಿಕೊಂಡರು. ಕೊನೆಯ ದಿನದ ತನಕ ಒಬ್ಬರ ಗುರುತನ್ನೂ ತಪ್ಪಿದವರಲ್ಲ ಅವರು.

ಮುಂದಿನ ಸಭೆಗೆ ನೀಲವ್ವ ಯಾರೂ ಕರೆಯದೆ ಬಂದಳು. ಅಧ್ಯಕ್ಷರಿಂದ ದಪ್ಪು ಕೇಳಿ ಪಡೆದು, ಅದರ ಮೇಲೆ ಕೈಯಿಟ್ಟು ಹೇಳಿದಳು: ‘ಪದ ನಂದು. ಅವತ್ತ ಇದರ ಮ್ಯಾಲ ಕೈ ಇಟ್ಟ ಸುಳ್ಳ ಹೇಳೀನಿ. ಮಾಸ್ತರಗ ಮರವ ಆಗಿರಲಿಲ್ಲ. ಇದ ಎಲ್ಲಾರಿಗೂ ಗೊತ್ತಾಗಲಿ ಅಂತ ನನ್ನ ಹೆಸರಿಲೆ ಹಾಡ್ತೇನಿ, ಹಾಡಾಕ ಕೊಡ್ರಿ.’ ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಸುಳ್ಳು ಹೇಳಿದವರನ್ನು ಸಂಘದಲ್ಲಿ ಇಟ್ಟುಕೊಳ್ಳಬೇಕೇ ಎಂದು ಒಂದಿಬ್ಬರು ಗೊಣಗಿದರು. ಅಧ್ಯಕ್ಷರು ಅವರನ್ನು ಸುಮ್ಮನಾಗಿಸಿದರು. ಪದ ನೀಲವ್ವನ ಹೆಸರಿನಲ್ಲಿ ಬಿಡುಗಡೆಯಾಯಿತು, ಜನ ಬಹಳ ಮೆಚ್ಚಿದರು. ಮಂಡಿಯಲ್ಲಿ ಯಾರಾದರೂ ಅದನ್ನು ಫೋನಿನಲ್ಲಿ ಹಾಕಿದರೆ ಆಕೆ ಎದ್ದು ಹೊರಗೆ ಹೋಗುತ್ತಾಳಂತೆ.

ದಪ್ಪಿನ ನಿಯಮ ಈಗಲೂ ಇದೆ, ಅದರಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಿಲ್ಲ. ಆದರೆ ನಾನು ಕೆಲಸ ಬಿಡುವ ತನಕ, ಸಭೆಗೆ ಮೊದಲು ಗುರು ಶಿಷ್ಯರನ್ನು ಒಟ್ಟಿಗೆ ಕೂರಿಸಿ, ಮಂದಿ ಇಲ್ಲದ ಕಡೆ ಮಾತಾಡಿಸುತ್ತಿದ್ದೆ. ಜನರೆದುರು ಮನುಷ್ಯರು ಎದುರಿನವರ ಮಾನ ಕಾಯುವ ಉತ್ತರ ಕೊಡುತ್ತಾರೆ. ಆ ಉತ್ತರ ಯಾರ ಮೇಲೆ ಹೋಗಿ ಬೀಳುತ್ತದೆ ಎಂದು ಅವರಿಗೂ ಗೊತ್ತಿರುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ಪದ ಬಿಡುಗಡೆಯಾದ ಮೇಲೆ ಒಂದು ಮಧ್ಯಾಹ್ನ ಕೊಲ್ಹಾರಕ್ಕೆ ಹೋಗಿ ಮೆಹಬೂಬಬಿಗೆ ಅದನ್ನು ಕೇಳಿಸಿದೆ. ಸಭೆಯಲ್ಲಿ ನೀಲವ್ವ ಹೇಳಿದ್ದನ್ನೂ ತಿಳಿಸಿದೆ. ಆ ತಾಯಿ ಪದ ಮುಗಿಯುವ ತನಕ ಸೆರಗು ಬಾಯಿಗಿಟ್ಟು ಕೇಳಿದರು.

‘ಹಂಗಾದ್ರ ಅವರಿಗೆ ಮರವ ಇರಲಿಲ್ಲೇನ್ರಿ?’

‘ಇರಲಿಲ್ಲವ್ವ’ ಎಂದೆ.

‘ಊಟ ಆತು ಅಂದ್ರೂ ಮತ್ತ ನೀಡ್ತಿದ್ದೆ. ನಮಾಜ್ ಆತು ಅಂದ್ರ, ಆಗಿಲ್ಲ, ಮತ್ತ ಮಾಡ್ರಿ ಅಂತಿದ್ದೆ’ ಎಂದರು. ‘ಒಂದ ವರ್ಷ ಅವರು ಹೇಳಿದ್ದ ಒಂದ ಮಾತನ್ನೂ ನಾ ನಂಬಲಿಲ್ರಿ.’