ಲಾರೆನ್ಸ್ ಮಾಮ ಹೇಳಿದ ಒಂದು ಸುಳ್ಳು

ಬಟ್ಟೆ ಹೊಲಿದಾಗಿಲ್ಲ ಎಂದು ಗಿರಾಕಿಯ ಮುಖ ನೋಡಿಕೊಂಡೇ ಹೇಳುವ ದರ್ಜಿಯನ್ನು ಶಿರಸಿ ಪೇಟೆಯಲ್ಲಿ ನಾನು ಕಂಡಿದ್ದು ಒಬ್ಬರನ್ನೇ. ಉಳಿದವರೆಲ್ಲ ‘ಹುಕ್ಕು ಹಚ್ಚೋದೊಂದೇ ಬಾಕಿ, ಸಂಜೆ ಬನ್ನಿ’ ಎನ್ನುವವರು. ಲಾರೆನ್ಸ್ ಮಾಮ ಕಟ್ಟು ಬಿಚ್ಚದ ಬಟ್ಟೆಯನ್ನೇ ಎತ್ತಿ ತೋರಿಸುತ್ತಿದ್ದರು.

“ಕತ್ರಿನೇ ಹಾಕ್ಲಿಲ್ಲ ಅಮ್ಮ. ಇವತ್ತು ಕೊಡ್ತೆ ಅಂದಿದ್ದು ನನ್ನ ತಪ್ಪು.”

ಭೈರುಂಬೆಯಿಂದ ಬಸ್ಸು ಹಿಡಿದು ಬಂದ ಹೆಗಡೇರ ಮನೆಯ ಅಮ್ಮನಿಗೆ ಸಿಟ್ಟು ಬರದೆ ಇರುತ್ತದೆಯೇ? “ಒಂದು ಸುಳ್ಳಾದ್ರೂ ಹೇಳ ಮಾರಾಯಾ, ಬಂದವಕ್ಕೆ ಸಮಾಧಾನ ಆಗ್ತು!” ಎಂದು ಗದರಿ ಹೋಗುತ್ತಿದ್ದರು. ಬಟ್ಟೆಯನ್ನು ಮಾತ್ರ ಬೇರೆ ಅಂಗಡಿಗೆ ಒಯ್ದವರಲ್ಲ.

ನಾನು ಅವರಲ್ಲಿ ಹೊಲಿಗೆ ಕಲಿಯಲು ಹೋಗುತ್ತಿದ್ದೆ. ಒಮ್ಮೆ ಮದುಮಗಳ ರೇಷ್ಮೆ ಬ್ಲೌಸಿಗೆ ಇಸ್ತ್ರಿ ತಾಗಿಸಿ ಸುಟ್ಟುಬಿಟ್ಟೆ. ಕಡಲೆಕಾಳಿನಷ್ಟು ಕಲೆ. ಸೆರಗಿನ ಅಡಿಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ ಎಂದು ವಾದಿಸಿದೆ.

“ನಿಂಗೆ ಕಂಡಿತು, ನಂಗೆ ಕಂಡಿತು, ದೇವರಿಗೂ ಕಂಡಿತು. ಇನ್ನು ಕಾಣ್ಲಿಕ್ಕೆ ಉಳಿದವ್ರು ಯಾರು ನಸ್ರೀನ್?” ಎಂದವರೇ ಹುಡುಗಿಯ ತಾಯಿಗೆ ಫೋನು ಹಚ್ಚಿದರು. ಬೈಗುಳವನ್ನೂ ತಾವೇ ತಿಂದರು.

ಇಂಥ ಮನುಷ್ಯ ಒಂದು ಸುಳ್ಳು ಹೇಳಿದರು. ಅದೂ ನನ್ನ ಅಬ್ಬಾನ ವಿಷಯದಲ್ಲಿ.

ಅಬ್ಬಾ ಟೆಂಪೊ ಓಡಿಸುವವರು. ಅಂಗಡಿಯೆದುರಿನ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು ರಸ್ತೆ ತೆರವಾಗಲೆಂದು ಕಾಯುತ್ತಿದ್ದಾಗ ಬೈಕೊಂದು ರಾಂಗ್ ಸೈಡಿನಲ್ಲಿ ಬಂದು ಗುದ್ದಿತು. ಬೈಕಿನಲ್ಲಿದ್ದವನು ಲಾರೆನ್ಸ್ ಮಾಮನ ತಂಗಿಯ ಮಗ ಕೆಲ್ವಿನ್. ಕಾಲು ಮುರಿಯಿತು. ಸೇರಿದ ಜನ ದೊಡ್ಡ ಗಾಡಿಯದೇ ತಪ್ಪು ಎಂದು ತೀರ್ಮಾನಿಸಿದರು. ಪೊಲೀಸರು ಕೇಳಿದಾಗ ಮಾಮ, “ಮಷಿನ್ ಮೇಲೆ ಬಗ್ಗಿದ್ದೆ, ನೋಡ್ಲಿಲ್ಲ” ಎಂದರು.

ಒಳಗೆ ಗುಂಡಿಗೆ ಕಾಜಾ ಹೊಲಿಯುತ್ತಿದ್ದ ನನಗೆ ರಸ್ತೆ ಕಾಣುತ್ತಿರಲಿಲ್ಲ. ಆದರೆ ಗುದ್ದಿದ ಸದ್ದಿಗೆ ಮೊದಲೇ ಮಾಮ ಎದ್ದುನಿಂತು, “ಕೆಲ್ವಿನ್, ಸವ್ಕಾಸ್!” ಎಂದು ಕೊಂಕಣಿಯಲ್ಲಿ ಕೂಗಿದ್ದು ಕೇಳಿತ್ತು. ನೋಡದವರು ನಿಧಾನ ಬಾ ಎಂದು ಕೂಗುತ್ತಾರೆಯೇ? ಚಾಲಕನ ಮಗಳ ಮಾತನ್ನು ಯಾರು ನಂಬುತ್ತಾರೆಂದು ನಾನು ಬಾಯಿ ಬಿಡಲಿಲ್ಲ. ಅಂಗಡಿಗೆ ಹೋಗುವುದನ್ನು ಬಿಟ್ಟೆ. ಅಬ್ಬಾನ ಮೇಲೆ ಕೇಸಾಯಿತು. ಲೈಸೆನ್ಸು ಹೋದರೆ ಮುಂದೇನು ಎಂದು ಅವರು ಊಟ ಬಿಟ್ಟು ಕೂತರು. ನನಗೆ ಪೊಲೀಸರಿಗಿಂತ ಮಾಮನ ಮೇಲೇ ಹೆಚ್ಚು ಸಿಟ್ಟಿತ್ತು.

ಶನಿವಾರ ಸಂಜೆ ಮಾಮ ಇಗರ್ಜಿಯಿಂದ ನೇರ ನಮ್ಮ ಮನೆಗೆ ಬಂದರು. ವಾರವಾರವೂ ಫಾದರ್ ಎದುರು ಮಂಡಿಯೂರಿ ತಪ್ಪೊಪ್ಪಿಕೊಳ್ಳುವುದು ಅವರ ರೂಢಿ. ಅಂದು ಸಾಲಿನಲ್ಲಿ ನಿಂತವರು ಸರದಿ ಬರುವ ಮೊದಲೇ ಹೊರಟು ಬಂದಿದ್ದರು.

“ಇಸ್ಮಾಯಿಲ್ ಭಾಯ್, ನಾ ನೋಡಿದ್ದೆ. ತಂಗಿ ಅಳ್ತಾ ಇದ್ಲು, ಸುಳ್ಳು ಹೇಳ್ಬಿಟ್ಟೆ. ದೇವರ ಹತ್ರ ಒಂದು, ಸ್ಟೇಷನ್ನಲ್ಲಿ ಒಂದು ಹೇಳ್ಲಿಕ್ಕಾಗ್ತದಾ? ನಾಳೆ ಇಗರ್ಜಿ ಮಕ್ಕಳಿಗೆ ಪಾಠ ಹೇಳೋನು ನಾನು. ಸುಳ್ಳು ಸಾಕ್ಷಿ ಪಾಪ ಅಂತ ಯಾವ ಬಾಯಲ್ಲಿ ಹೇಳ್ಲಿ? ನಡೀರಿ, ಸ್ಟೇಷನ್ನಿಗೆ ಹೋಗುವ.”

“ಮೊದಲು ಚಾ ಕುಡೀರಿ,” ಎಂದರು ಅಬ್ಬಾ. ನಾನು ಚಾ ಮಾಡುತ್ತ ಒಲೆಯ ಮುಂದೆ ಅತ್ತೆ. ಅಷ್ಟು ಹಗುರವಾದ ಅಳು ನನಗೆ ಮತ್ತೆಂದೂ ಬಂದಿಲ್ಲ.

ಮಾಮ ಹೇಳಿಕೆ ಬದಲಿಸಿದರು, ಪೊಲೀಸರಿಂದ ಬೈಸಿಕೊಂಡರು. ಕೇಸು ಬಿದ್ದುಹೋಯಿತು, ಅಬ್ಬಾನ ಲೈಸೆನ್ಸು ಉಳಿಯಿತು. ನಾನಂತೂ ಅದಕ್ಕೆ ಕಾಯದೆ ಸೋಮವಾರವೇ ಅಂಗಡಿಗೆ ಹೋಗಿದ್ದೆ. ಆದರೆ ತಂಗಿ ಮಾತ್ರ ಅಣ್ಣನ ಮನೆಯ ಮೆಟ್ಟಿಲು ಹತ್ತುವುದನ್ನೇ ನಿಲ್ಲಿಸಿದಳು. ಆ ದುಃಖವನ್ನು ಮಾಮ ಯಾರಲ್ಲೂ ಹೇಳಿಕೊಳ್ಳಲಿಲ್ಲ, ಕ್ರಿಸ್ಮಸ್ಸಿಗೆ ಅವಳ ಪಾಲಿನ ಕಲ್ಕಲ್ ತಿಂಡಿಯ ಡಬ್ಬಿಯನ್ನು ಪ್ರತಿ ವರ್ಷ ನನ್ನ ಕೈಯಲ್ಲೇ ಕಳಿಸುತ್ತಿದ್ದರು. ಡಬ್ಬಿ ಖಾಲಿಯಾಗಿ ತಿರುಗಿ ಬರುತ್ತಿತ್ತು. ಅಷ್ಟೇ ಅವರಿಗೆ ಸಮಾಧಾನ.

ಹೋದ ವರ್ಷ ಮಾಮ ತೀರಿಕೊಂಡರು. ಮಣ್ಣು ಮಾಡಿದ ಮೇಲೆ ಸ್ಮಶಾನದ ಗೇಟಿನ ಬಳಿ ಕೆಲ್ವಿನ್ ಕುಂಟುತ್ತ ಅಬ್ಬಾನ ಹತ್ತಿರ ಬಂದ. ಅವನಮ್ಮ ಸ್ವಲ್ಪ ದೂರದಲ್ಲಿ, ಕೇಳಿಸುವಷ್ಟು ಹತ್ತಿರದಲ್ಲಿ ನಿಂತಿದ್ದಳು.

“ಅಂಕಲ್, ರಾಂಗ್ ಸೈಡಲ್ಲಿ ಬಂದಿದ್ದು ನಾನೇ ಅಂತ ಅಮ್ಮಂಗೆ ಆಸ್ಪತ್ರೆಲೇ ಹೇಳಿದ್ದೆ. ಸುಮ್ನಿರು ಅಂದ್ಲು. ಮಾಮ ನಿಜ ಹೇಳದೇ ಹೋಗಿದ್ರೆ ನಾ ಸಾಯೋತನಕ ಆ ಸುಳ್ಳು ಹೊತ್ಕೊಂಡು ಸುಮ್ನಿರ್ಬೇಕಿತ್ತು.”